ಹಾಡು ಮುಗಿಯೋವರೆಗೆ

ಇಲ್ಲವ್ವ, ನಾನು ಕುರಿ ರೊಪ್ಪದ ಒಳಗೆ ಬರಲ್ಲ. ಇಲ್ಲೇ ಬೇಲಿ ಹೊರಗೆ ಕುಂತ್ಕಂತೀನಿ. ಮೈಮೇಲೆಲ್ಲ ರೈಲಿನ ಮಸಿ, ಬಸ್ಸಿನ ಧೂಳು. ನೀನು ಮರಿಗೆ ಹಾಲು ಕುಡಿಸು. ಹಿರಿಯೂರಿನಾಗೆ ಇಳಿದಾಗ್ಲೇ ಚಾ ಕುಡ್ದೆ, ಏನೂ ಬ್ಯಾಡ.

ಏನ್ ಹೇಳ್ತಿದ್ದೆ... ಹ್ಞಾ, ಆ ಪೆಟ್ಟಿಗೆ. ಜೂಕ್‌ಬಾಕ್ಸು ಅಂತಾರೆ. ನಾನೂ ನಮ್ಮ ಚಿತ್ತಯ್ಯನೂ ತಟ್ಟೆ ತೊಳೀತಿದ್ದ ಬೊಂಬಾಯಿ ಹೋಟ್ಲಿನಾಗೆ ಒಂದಿತ್ತು. ನಾಲ್ಕಾಣೆ ಹಾಕಿ ಗುಂಡಿ ಒತ್ತಿದ್ರೆ ತಾನೇ ಹಾಡುತ್ತೆ... ಯಾಕೆ ನಗ್ತೀಯ? ನಿನ್ನ ಕಿರೀ ಮಗನೂ ಹಿಂಗೇ ನಕ್ಕಿದ್ದ. ಪೆಟ್ಟಿಗೆ ಒಳಗೆ ಕುಂತು ಹಾಡೋರಿಗೆ ಊಟ ಯಾರು ಕೊಡ್ತಾರೆ ಅಂತ ಕೇಳಿದ್ದ ಚಿತ್ತಯ್ಯ. ಹೋಟ್ಲು ಸಾವ್ಕಾರ ಅದನ್ನ ಬಂದೋರಿಗೆಲ್ಲ ಹೇಳಿ ನಗ್ತಿದ್ದ.

ಅಂಥದೇ ಪೆಟ್ಟಿಗೆ ಟೀವಿಯಾಗೆ ಬಂತು. ಟೀವಿ ಅಂದ್ರೆ ಮನೇಲೇ ಇಟ್ಕಳೋ ಸಣ್ಣ ಸಿನಿಮಾ ಅವ್ವ. ಸಾವ್ಕಾರ ಹೊಸದಾಗಿ ತಂದಿದ್ದ. ಪರದೇಶದ ಕತೆ. ಮುಂದೆ ಯಾವಾಗ್ಲೋ, ನಾವ್ಯಾರೂ ಇಲ್ಲದ ಕಾಲಕ್ಕೆ, ಜನ ಆಕಾಶದಾಗೆ ಹಡಗು ಬಿಟ್ಕಂಡು ತಿರುಗ್ತಾರೆ. ಆ ಹಡಗಿನಾಗೆ ಒಂದು ಜೂಕ್‌ಬಾಕ್ಸು. ಒಬ್ಬ ಮುದುಕಿ ಬಂದು ಗುಂಡಿ ಒತ್ತುತಾಳೆ. ಹಾಡು ಶುರುವಾದ್ರೆ ಅವಳ ಮಗ ಎದುರಿಗೆ ನಿಂತಿರ್ತಾನೆ. ಮಾತಾಡ್ತಾನೆ, ನಗ್ತಾನೆ. ಹಾಡು ಮುಗೀತು, ಅವನೂ ಇಲ್ಲ.

ಭಾಷೆನಾ? ಇಂಗ್ಲೀಷು, ನಮಗೆಲ್ಲಿ ತಿಳೀಬೇಕು. ಚಿತ್ತಯ್ಯನೇ ಅರ್ಥ ಹೇಳ್ದ. ಆ ಮಗ ಕುರಿ ಕಾಯಾಕೆ ಹೋಗಿರ್ತಾನೆ, ಹಾಡು ಕೇಳಿ ಉಣ್ಣಾಕೆ ಬರ್ತಾನೆ ಅಂದ. ಆಕಾಶದಾಗೆ ಎಲ್ಲಿ ಕುರಿ ಲೇ ಅಂದೆ. ಮೇವಿಲ್ಲದಿದ್ರೆ ಜನ ಯಾಕೆ ಅಷ್ಟು ದೂರ ಹೋಗ್ತಾರಣ್ಣ ಅಂದ.

ಸಾವ್ಕಾರ ಬೇರೆ ಅರ್ಥ ಹೇಳ್ದ... ಏನಿಲ್ಲ, ಬಿಡು. ಚಿತ್ತಯ್ಯ ಹೇಳಿದ್ದೇ ಚೆನ್ನಾಗೈತೆ.

ಚಿತ್ತಯ್ಯನಾ? ಬರ್ತಾನೆ, ಬರ್ತಾನೆ. ಜ್ವರ ಬಂದಿತ್ತು, ಅದಕ್ಕೇ ಜತೇಲಿ ಬರ್ಲಿಲ್ಲ. ಈಗ ಜ್ವರ ಇಲ್ಲ. ಹೂಂ, ಪೂರ್ತಿ ಬಿಡ್ತು. ಕೈ ತಣ್ಣಗಿತ್ತು, ನಾನೇ ಮುಟ್ಟಿ ನೋಡ್ದೆ.

ಸೊರಗಿದೀನಾ? ಇಲ್ಲ, ಉಂಡೀನಿ. ನಿದ್ದೆನೂ ಬಂತು. ನನಗೇನೂ ಅನ್ನಿಸ್ತಿಲ್ಲ ಅವ್ವ. ಕಾಲು ಜೋಮು ಹಿಡೀತದಲ್ಲ, ಹಂಗೈತೆ ಮೈಯೆಲ್ಲ. ಕಿಟಕಿ ಪಕ್ಕ ಕುಂತಿದ್ದೆ. ಊರು ಬಂತು ಅಂತ ಯಾರೋ ಹೇಳಿದ್ರು, ಇಳಿದೆ.

ಮರಿ ಯಾಕೆ ನನ್ನ ಕಡೆ ಚಾಚ್ತೀಯ? ಇಲ್ಲಿಂದ್ಲೇ ಕಾಣ್ತೈತಲ್ಲ, ಕಿವಿ ಕಪ್ಪಗವೆ. ಚಿತ್ತಯ್ಯಂಗೆ ಅಂತ ಬಿಟ್ಟಿದೀಯಾ? ಒಳ್ಳೇದಾತು. ಬ್ಯಾಡವ್ವ, ಎತ್ಕಳಲ್ಲ. ಕೈ ಗಲೀಜೈತೆ. ತೊಳ್ಕಂಡ್ರೂ... ಬ್ಯಾಡ. ಸುಮ್ಮನೆ ಹಾಲು ಕುಡಿಸು.

ಯಾಕೆ ಹಂಗ್ ನೋಡ್ತೀಯ?

ಹಾಡು ಭಾಳ ದೊಡ್ಡದಿತ್ತವ್ವ ಆ ಕತೇನಾಗೆ. ಮುಗೀಲೇ ಇಲ್ಲ...

ಮರಿ ಯಾಕೆ ಕೆಳಗಿಟ್ಟೆ? ಇನ್ನೂ ಕುಡೀತಿತ್ತು. ಎದ್ದು ಎಲ್ಲಿಗೆ ಬರ್ತೀಯ? ಹೊರಗೆ ಬಂದು ಬೇಲಿ ಬಾಗಿಲು ಯಾಕೆ ಎಳೆದು ಮುಚ್ತೀಯ? ಸೂತಕದೋರು ರೊಪ್ಪಕ್ಕೆ ಕಾಲಿಡಬಾರ್ದು, ಮರಿ ಮುಟ್ಟಬಾರ್ದು... ಅದು ನನಗೊಬ್ಬನಿಗೆ ಅವ್ವ. ನೀನು ಒಳಗೇ ಇರು. ನಾನಿನ್ನೂ ಏನೂ ಹೇಳಿಲ್ಲ.