ಇಸ್ತ್ರಿ ಆಫ್ ಮಾಡಿದ್ದೀನಾ?

...ಅದನ್ನ ಬ್ಯಾಗಿಗೆ ಹಾಕ್ಬೇಡ. ಹಾಕ್ಬೇಡ ಅಂದ್ನಲ್ಲ! ರಾಜೀನಾಮೆ ಪತ್ರ ತಾನೆ, ಎಲ್ಲಿಗೂ ಓಡಿಹೋಗಲ್ಲ, ಮೇಜಿನ ಮೇಲೇ ಇರ್ಲಿ. ಐದೇ ನಿಮಿಷ. ನಿನ್ನ ಬಸ್ಸಿಗೆ ಇನ್ನೂ ಇಪ್ಪತ್ತೈದು ನಿಮಿಷ ಇದೆ, ನಾನೂ ಗಡಿಯಾರ ನೋಡ್ಕೊಂಡೇ ಮಾತಾಡ್ತಿರೋದು. ಕೂತ್ಕೋ. ಕೂತ್ಕೊಳ್ಳಲ್ವಾ? ಸರಿ, ನಿಂತ್ಕೊಂಡೇ ಕೇಳು ಕಂಪೌಂಡರಮ್ಮ.

ಯಾಕೆ ಹಾಗೆ ನೋಡ್ತೀಯ? ಹೀಗೆ ಕರೆದ್ರೆ ಮೊದಲೆಲ್ಲ ನಗ್ತಿದ್ದೆ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ, ಒಂದು ಮಾತ್ರೆ ಆಚೀಚೆ ಆಗಿಲ್ಲ. ಅಂಥವಳು ಇವತ್ತು ಹೋಗಿ, ನನಗೆ ಮರೆವು ಶುರುವಾಗಿದೆ, ನನ್ನ ಕೈಯನ್ನ ನಾನೇ ನಂಬಕ್ಕಾಗ್ತಿಲ್ಲ ಅಂತ ಬರೆದು ಕೊಡ್ತೀನಿ ಅಂದ್ರೆ ಯಾರು ಒಪ್ತಾರೆ? ಡಾಕ್ಟ್ರೇ ಒಪ್ಪಲಿಲ್ಲ. ತಲೆಯ ಫೋಟೋ ತೆಗೆದ್ರು, ಲೆಕ್ಕ ಕೇಳಿದ್ರು, ಗಡಿಯಾರದ ಚಿತ್ರ ಬರೆಸಿದ್ರು. ಏನೂ ಇಲ್ಲ ಅಂದ್ರು. ನೀನು ನಂಬಲಿಲ್ಲ. ಅಮ್ಮಂಗೂ ಮೊದಮೊದಲು ಹೀಗೇ ಅಂದಿದ್ರು ಅಂದೆ... ಗೊತ್ತು. ನಿಮ್ಮಮ್ಮ ಕೊನೆಗೆ ನಿನ್ನನ್ನೇ ಯಾರಮ್ಮ ನೀನು ಅಂತ ಕೇಳಿದ್ದು ನಂಗೂ ನೆನಪಿದೆ.

ಅದಕ್ಕೇ ಇದನ್ನ ನೋಡು. ಸ್ಮಾರ್ಟ್ ಪ್ಲಗ್ ಅಂತಾರೆ. ನಿನ್ನೆ ತಂದೆ. ಗೋಡೆಯ ಸಾಕೆಟ್ಟಿಗೆ ಇದು, ಇದರೊಳಗೆ ಇಸ್ತ್ರಿಪೆಟ್ಟಿಗೆಯ ಪಿನ್ನು, ಅಷ್ಟೆ. ಮನೆಯ ವೈಫೈ ಹಿಡ್ಕೊಳ್ಳುತ್ತೆ. ನೀನು ಕೌಂಟರಿನಲ್ಲಿ ಕೂತು ಫೋನ್ ತೆಗೆದ್ರೆ ಸಾಕು, ಇಸ್ತ್ರಿ ಆನ್ ಇದ್ಯಾ ಆಫ್ ಆಗಿದ್ಯಾ ಅಂತ ಕಾಣುತ್ತೆ. ಆನ್ ಇದ್ರೆ ಅಲ್ಲಿಂದ್ಲೇ ಒತ್ತು, ಇಲ್ಲಿ ಆರಿಹೋಗುತ್ತೆ. ಅರ್ಧ ದಾರೀಲಿ ಬಸ್ ಇಳಿದು ಎದ್ದೂ ಬಿದ್ದೂ ವಾಪಸ್ ಬರೋದು ಬೇಡ. ನಂಗೆ ಫೋನ್ ಮಾಡಿ ಕೇಳೋದೂ... ಬೇಡ. ಹೂಂ. ನಂಗೂ ಫೋನ್ ಮಾಡ್ಬೇಕಾಗಿಲ್ಲ.

ಆದ್ರೆ ಇದನ್ನ ನೋಡಿ ತಗೋಬೇಕು. ದೀಪಕ್ಕೆ, ಫ್ಯಾನಿಗೆ ಹತ್ತು ಆಂಪಿಯರಿನ ಸಣ್ಣದು ಸಾಕು. ಇಸ್ತ್ರಿ, ಗೀಸರ್ ಥರ ಕಾಯೋ ಸಾಮಾನಿಗೆ ಹದಿನಾರರದ್ದೇ ಆಗ್ಬೇಕು, ಇಲ್ಲಾಂದ್ರೆ ಪ್ಲಗ್ಗೇ ಕರಗಿ ಕೂತ್ಕೊಳ್ಳುತ್ತೆ. ಆಮೇಲೆ, ಕರೆಂಟ್ ಹೋಗಿ ಬಂದಾಗ ಆಫ್ ಆಗೇ ಇರು ಅಂತ ಮೊದಲೇ ಹೇಳಿಡ್ಬೇಕು. ಫ್ರಿಜ್ಜಿಗಂತೂ ಹಾಕ್ಲೇಬಾರ್ದು, ಕೈತಪ್ಪಿ ಒತ್ತಿದ್ರೆ ಹಾಲೆಲ್ಲ ಒಡೆದು...

ಏನು? ನಿನ್ನೆ ತಂದವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಅಂತಾನಾ? ಅಂಗಡಿಯವನು ಹೇಳ್ದ. ಅವನ ಬಾಯಿಗೆ ಬೀಗ ಇಲ್ಲ. ಅದೂ ಅಲ್ದೆ ನಾನು ಪಂಪ್‌ಹೌಸಿನವನು, ಊರಿಗೆಲ್ಲ ನೀರು ಬಿಡೋನು. ನಿನ್ನ ಜೊತೆಗಿಂತ ಮೋಟರಿನ ಜೊತೆ ಸಂಸಾರ ಮಾಡಿದ್ದೇ ಜಾಸ್ತಿ.

ಸರಿ, ನನ್ನ ಫೋನ್ ಹಿಡ್ಕೋ. ನಿನ್ನ ಬಿಳಿ ಕೋಟು ಅಲ್ಲೇ ಅರ್ಧ ಇಸ್ತ್ರಿ ಆಗಿ ಬಿದ್ದಿದೆಯಲ್ಲ, ಪೆಟ್ಟಿಗೆಯ ದೀಪ ಉರೀತಾ ಇದೆ ನೋಡು. ಈಗ ಫೋನಲ್ಲಿ ಈ ಹಸಿರು ಗುಂಡು ಒತ್ತು. ಒತ್ತು, ಕಚ್ಚಲ್ಲ. ...ಟಿಕ್! ಕೇಳಿಸ್ತಾ? ಆರೋಯ್ತು! ಆಹಾ, ನಕ್ಕೆ. ನಕ್ಕೆ ತಾನೆ? ಎಷ್ಟು ತಿಂಗಳಾಯ್ತು ಈ ಮುಖದಲ್ಲಿ ನಗು ನೋಡಿ. ಅಷ್ಟೇ ಕಣೇ. ಇನ್ನು ಆ ಕಾಗದ ಹರಿದು ಹಾಕು, ಕೆಲಸಕ್ಕೆ ಹೋಗು.

ಯಾಕೆ, ಏನಾಯ್ತು? ಇನ್ನೊಂದು ಸಲ ಒತ್ತಬೇಕಾ? ಒತ್ತು. ...ಟಿಕ್. ...ಟಿಕ್. ಹೌದು, ಅದೇ ಸದ್ದು. ಮುಂಚೆ ಕೇಳಿದ್ದೀಯಾ? ಎಲ್ಲಿ ಕೇಳಿರ್ತೀಯ? ಹಳೇ ಮನೆಯಲ್ಲಿ ಹಲ್ಲಿ, ಗಡಿಯಾರ, ಎಷ್ಟೋ ಸದ್ದು ಇರುತ್ತೆ. ಬಗ್ಗಿ ಏನು ನೋಡ್ತಿದ್ದೀಯ? ಬಿಡು, ಬಿಸಿ ಇರುತ್ತೆ, ಕೈ ಹಾಕ್ಬೇಡ...

ಕೆಂಪು ಚುಕ್ಕೆ.

ನಿನ್ನ ಉಗುರುಬಣ್ಣದ ಚುಕ್ಕೆ. ಆಸ್ಪತ್ರೆಯಲ್ಲಿ ಒಂದೇ ಥರ ಕಾಣೋ ಬಾಟ್ಲಿಗಳಿಗೆ ಇಡ್ತೀಯಲ್ಲ, ಹಾಗೆ ಇದಕ್ಕೂ ನೀನೇ ಇಟ್ಟಿದ್ದೆ. ಹಾಂ... ಇದು ಆ ಹಳೇ ಡಬ್ಬಿನೇ. ಕರೆಂಟಿನ ಏರಿಳಿತ ತಡೆಯೋ ಡಬ್ಬಿ ಅಂತ ಹೇಳಿ ಹೋದ ವರ್ಷ ಹಾಕಿದ್ನಲ್ಲ, ಅದೇ. ನಿನ್ನೆ ತಂದಿದ್ದಲ್ಲ. ಅಂದ್ರೆ... ಇದ್ರಲ್ಲಿ ಈ ಅನುಕೂಲನೂ ಇದೆ ಅಂತ ನಂಗೆ ನಿನ್ನೆ ಗೊತ್ತಾಯ್ತು. ಫೋನ್ ಇಲ್ಲಿ ಕೊಡು. ಅಲ್ಲಿ ಯಾಕೆ ಒತ್ತಿದೆ? ಅದೇನಿಲ್ಲ, ಯಾವಾಗ ಆನ್ ಆಯ್ತು ಯಾವಾಗ ಆಫ್ ಆಯ್ತು ಅಂತ ತಾನಾಗೇ ಬರ್ಕೊಳ್ಳುತ್ತೆ. ಕೆಳಗೆ ಹೋಗ್ಬೇಡ. ಕೊಡು ಅಂದೆ!

...ನಿನ್ನ ಫೋನ್ ಯಾಕೆ ತೆಗೀತಿದ್ದೀಯ?

ಎರಡೂ ಪಕ್ಕ ಪಕ್ಕ ಇಟ್ಟು ತಾಳೆ ನೋಡ್ತಿದ್ದೀಯ. ಚೀಟಿ ಒಂದು ಕಡೆ, ಔಷಧಿ ಒಂದು ಕಡೆ ಇಟ್ಟು ನೋಡೋ ಹಾಗೆ. ನೋಡು. ಇನ್ನೇನು ಮಾಡ್ತೀಯ, ನೋಡು. ಮಂಗಳವಾರ ಹನ್ನೊಂದು ಗಂಟೆ ಮೂರು ನಿಮಿಷಕ್ಕೆ ನೀನು ನಂಗೆ ಫೋನ್ ಮಾಡಿದ್ದೀಯ. ಹನ್ನೊಂದು ನಾಲ್ಕಕ್ಕೆ ಇಸ್ತ್ರಿ ಆಫ್ ಆಗಿದೆ. ನನ್ನ ಫೋನಿಂದ. ಗಂಟೆಗೊಂದು ಸಲ ಮೀಟರ್ ನೋಡಿ ಬುಕ್ಕಿನಲ್ಲಿ ಬರೆಯೋ ಮನುಷ್ಯ ನಾನು, ಈ ಡಬ್ಬಿನೂ ಎಲ್ಲ ಬರೆದಿಡುತ್ತೆ ಅಂತ ನಂಗೆ ಹೊಳೀಲೇ ಇಲ್ಲ ನೋಡು.

ಕೇಳು. ನಿಂಗೋಸ್ಕರಾನೇ ಮಾಡಿದ್ದು. ಹೋದ ವರ್ಷ ಆ ಅಂಗಿ ಸುಟ್ಟು, ಮೇಜಿನ ಮೇಲೆ ಕಪ್ಪು ಕಲೆ ಆಯ್ತಲ್ಲ... ನೀನು ಆ ಕಲೆ ಉಜ್ಜುತ್ತಾ, ‘ನಂಗೂ ಅಮ್ಮನ ಥರ ಆಗ್ತಿದ್ಯಾ’ ಅಂತ ಅತ್ತುಬಿಟ್ಟೆ. ಮಾರನೇ ದಿನವೇ ನಾನು ಇಂಥವು ನಾಲ್ಕು ತಂದೆ. ಇಸ್ತ್ರಿಗೊಂದು, ಅನ್ನದ ಕರೆಂಟ್ ಕುಕ್ಕರಿಗೊಂದು, ಬಚ್ಚಲಿನ ಇನ್‌ಸ್ಟಂಟ್ ಗೀಸರಿಗೊಂದು, ಓದೋ ದೀಪಕ್ಕೊಂದು. ನಿಜ ಹೇಳಿದ್ರೆ ನಿನ್ನ ಮೇಲೆ ಕಣ್ಣಿಟ್ಟಂಗೆ ಆಗುತ್ತೆ ಅಂತ ಸುಳ್ಳು ಹೇಳ್ದೆ. ‘ಇಸ್ತ್ರಿ ಆಫ್ ಮಾಡಿದ್ದೀನಾ?’ ಅಂತ ನೀನು ಕೇಳ್ತಿದ್ದೆ. ನಾನು ಡ್ಯೂಟಿಯಲ್ಲೇ ಫೋನ್ ನೋಡಿ, ಆನ್ ಇದ್ರೆ ಒತ್ತಿ, ‘ಮಾಡಿದ್ದೀಯ, ನಾನು ನೋಡ್ದೆ’ ಅಂತಿದ್ದೆ. ನಿಂಗೆ ಸಮಾಧಾನ ಆಗ್ಲಿ ಅಂತ... ಆದ್ರೆ ನಿಂಗೆ ಸಮಾಧಾನ ಆಗ್ಲಿಲ್ಲ. ‘ನಾನು ಮಾಡಿದ್ದು ನಂಗೇ ನೆನಪಿಲ್ವಲ್ಲ’ ಅಂತ ನೀನು ಒಳಗೊಳಗೇ ಬೆಂದೆ. ಹದಿನಾಲ್ಕು ತಿಂಗಳಲ್ಲಿ ನೀನು ನಿಜವಾಗ್ಲೂ ಮರೆತಿದ್ದು ಎರಡೇ ಸಲ ಕಣೇ. ಎರಡು! ಅಷ್ಟು ಯಾರು ಮರೆಯಲ್ಲ?

ಹೌದು. ಕುಕ್ಕರೂ ನಾನೇ. ನಿಮ್ಮಣ್ಣನ ಮನೆಯವರು ಊಟಕ್ಕೆ ಬಂದಿದ್ದ ದಿನ. ನೀನು ಮರೆತು ಬಿಟ್ಟಿದ್ದೀಯ ಅಂದ್ಕೊಂಡು ಪಂಪ್‌ಹೌಸಿಂದ ಹೊರಡೋ ಮುಂಚೆ ಆರಿಸಿದೆ. ಎಲ್ಲರ ಮುಂದೆ ಮುಚ್ಚಳ ತೆಗೆದ್ರೆ ನೀರಲ್ಲಿ ಅಕ್ಕಿ ಹಾಗೇ ಇತ್ತು. ‘ನಾನು ಒತ್ತಿದ್ದೆ, ಒತ್ತಿದ್ದು ನೆನಪಿದೆ’ ಅಂತ ಎಷ್ಟು ಸಲ ಅಂದೆ ನೀನು. ನಾನು ಏನಂದೆ? ‘ಮರೆತಿರ್ತೀಯ ಬಿಡು’ ಅಂದೆ. ನಗ್ತಾ ಅಂದೆ. ಅವತ್ತಿಂದ ನೀನು ಕೌಂಟರಿನಲ್ಲಿ ಪ್ರತಿ ಮಾತ್ರೆನೂ ನಾಲ್ಕು ಸಲ ಎಣಿಸಕ್ಕೆ ಶುರುಮಾಡಿದೆ, ಸಾಲು ಬಾಗಿಲಾಚೆ ಹೋಗಿ ಜನ ಬೈದ್ರು... ಅಷ್ಟಾದ್ರೂ ನಾನು ಬಾಯಿ ಬಿಡ್ಲಿಲ್ಲ. ಈಗ ಹೇಳಿದ್ನಲ್ಲ. ಎಲ್ಲ ಹೇಳ್ದೆ. ಇನ್ನೇನೂ ಇಲ್ಲ.

ಬೈಯಿ. ಆ ಕಾಫಿ ಲೋಟ ಎತ್ತಿ ಎಸಿ.

...ಬೆರಳು ಯಾಕೆ ಅಲ್ಲೇ ನಿಂತಿದೆ? ಮುಂದೆ ಹೋಗು. ಅದೊಂದೇ ಸಾಲನ್ನ ಎಷ್ಟು ಹೊತ್ತು ನೋಡ್ತೀಯ? ಗೀಸರ್. ಭಾನುವಾರ, ಬೆಳಿಗ್ಗೆ ಹತ್ತೂವರೆ. ನಾನು ಡ್ಯೂಟಿಯಲ್ಲಿದ್ದೆ. ಆಗ್ಲೂ ನೀನು ಮರೆತಿರಬಹುದು ಅಂತ...

ನೀನು ಮನೇಲೇ ಇದ್ದೆ. ಹೌದು. ಸ್ನಾನ ಮಾಡ್ತಿದ್ದೆ. ಗೀಸರ್ ಆನ್ ಆಗಿದ್ದು ಫೋನಲ್ಲಿ ಕಂಡಿತ್ತು, ಅದೂ ನಂಗೆ ಗೊತ್ತಿತ್ತು.

ಹಾಗೆ ನೋಡ್ಬೇಡ. ಹೇಳ್ತೀನಿ. ಆ ಪಂಪ್‌ಹೌಸಲ್ಲಿ ನಾಲ್ಕು ಮೀಟರಿನ ಮುಳ್ಳು, ಒಂದು ಕುರ್ಚಿ, ಒಂದು ಮೋಟರು, ಅಷ್ಟೇ ಕಣೇ ಇರೋದು. ಎಷ್ಟು ವರ್ಷ ಅಲ್ಲಿಗೆ ನೀನು ಫೋನ್ ಮಾಡ್ತಿದ್ದಿದ್ದು ಫ್ಯೂಸ್ ಹೋದ್ರೆ ಮಾತ್ರ. ಈ ಮರೆವಿನ ಭಯ ಹತ್ತಿದ ಮೇಲೆ ದಿನಕ್ಕೆ ಮೂರು ಸಲ, ನಾಲ್ಕು ಸಲ ಮಾಡಕ್ಕೆ ಶುರುಮಾಡಿದೆ. ‘ನೀವು ನೋಡಿದ್ರಾ? ನೀವು ಹೇಳಿದ್ರೆ ನಂಬ್ತೀನಿ’ ಅಂತಿದ್ದೆ. ಹನ್ನೊಂದು ಗಂಟೆ ಆಗೋದನ್ನೇ ಕಾಯ್ತಿದ್ದೆ ನಾನು. ಆ ಭಾನುವಾರ ನೀನು ಬೆಳಿಗ್ಗೆಯಿಂದ ಒಂದು ಸಲವೂ ಮಾಡಿರಲಿಲ್ಲ.

ಅದಕ್ಕೆ ಒತ್ತಿದೆ.

ಐದು ನಿಮಿಷಕ್ಕೆ ಬಂತು ನಿನ್ನ ಫೋನು. ತಣ್ಣೀರಲ್ಲಿ ನೆಂದು ಹಲ್ಲು ಕಟಕಟ ಅಂತಿತ್ತು, ಅಳ್ತಿದ್ದೆ. ‘ನಾನು ಗೀಸರ್ ಹಾಕಿದ್ದೆ ತಾನೆ, ನಂಗೆ ಹುಚ್ಚು ಹಿಡೀತಿದ್ಯಾ’ ಅಂದೆ ನೀನು. ‘ಏನೂ ಆಗಿಲ್ಲ, ನಾನಿದ್ದೀನಿ’ ಅಂದೆ ನಾನು. ನಿನ್ನ ಧ್ವನಿ ಕೇಳಿ ನಂಗೆ... ಥೂ, ಖುಷಿಯಾಗಿತ್ತು. ನನ್ನ ಜನ್ಮಕ್ಕಿಷ್ಟು! ಮಾರನೇ ದಿನವೇ ತಾನೆ ನೀನು ಈ ಕಾಗದ ಬರೆಯಕ್ಕೆ ಕೂತಿದ್ದು?

ಫೋನ್ ಮೇಜಿನ ಮೇಲಿಟ್ಟೆಯಾ?

...ಏನು ಮಾಡ್ತಿದ್ದೀಯ? ಡಬ್ಬಿ ಕೀಳ್ತಿದ್ದೀಯಾ? ಕೀಳು. ಕೊಡು ನನ್ನ ಕೈಗೆ. ಇಸ್ತ್ರಿ ಪಿನ್ನು ನೇರ ಗೋಡೆಗೇ ಹಾಕು, ಹಾಂ, ಹಾಗೇ. ನಾನು ಮಾತಾಡಲ್ಲ, ನೀನು ಕೋಟು ಮುಗಿಸು. ಎಡಗಡೆ ತೋಳು ಉಳಿದಿದೆ... ಆಯ್ತು, ನಿಂಗೇ ಗೊತ್ತು. ನಿಂಗೆ ಎಲ್ಲ ಗೊತ್ತು.

ಕಾಗದ ಇಲ್ಲೇ ಬಿಟ್ಟು ಹೋಗ್ತಿದ್ದೀಯಾ? ಕೆಲಸಕ್ಕೆ ಹೋಗ್ತೀಯಲ್ಲ, ಅಷ್ಟು ಸಾಕು ನಂಗೆ. ಸಂಜೆ ಬರ್ತೀಯಾ? ...ಸಂಜೆ ಮನೆಗೆ ಬರ್ತೀಯ ತಾನೆ? ಒಂದು ಸಲ ತಿರುಗಿ ನೋಡೇ. ಬಾಗಿಲು ಹಾಕ್ಬೇಡ, ಒಂದೇ ಮಾತು. ಹನ್ನೊಂದು ಗಂಟೆಗೆ ಫೋನ್ ಮಾಡ್ಬೇಡ. ಕೇಳೋ ಅಗತ್ಯ ಇಲ್ಲ. ನೀನು ಸ್ವಿಚ್ ಆರಿಸಿದೆ, ಪಿನ್ನು ಕಿತ್ತೆ, ವೈರ್ ಸುತ್ತಿಟ್ಟೆ. ಇಸ್ತ್ರಿ ಆಫ್ ಮಾಡಿದ್ದೀಯ ಕಣೇ. ನಾನು ನೋಡ್ದೆ. ಈ ಸಲ ನಿಜವಾಗ್ಲೂ ನೋಡ್ದೆ.