ಟೋಕನ್ ನಲವತ್ತೇಳು

...ಅಯ್ಯಪ್ಪ, ತಣ್ಣಗಿದೆ ಸಿಸ್ಟರ್ ಆ ಜೆಲ್ಲು! ದಿನವಿಡೀ ಕುಲುಮೆ ಮುಂದೆ ಬೇಯೋ ಎದೆ ಇದು, ಬೆಚ್ಚಿಬೀಳಲ್ವಾ? ಹಾಂ, ಮಲಗಿದೀನಿ, ಅಲ್ಲಾಡಲ್ಲ. ಬಾಯಿ ಅಲ್ಲಾಡಬಹುದು ತಾನೇ? ಕಾಲಿಗೂ ಕ್ಲಿಪ್ಪಾ? ನನ್ನೆದೆ ಅಷ್ಟು ಕೆಳಗೆ ಇಳಿದಿಲ್ಲ, ಸಿಸ್ಟರ್.

ಹೌದು, ಟೋಕನ್ ನಲವತ್ತೇಳು. ಕ್ರೇನ್ ಆಪರೇಟರ್. ವಯಸ್ಸು ಮೂವತ್ತೊಂಬ... ಐವತ್ನಾಲ್ಕು. ಐವತ್ನಾಲ್ಕು ಅಂತಲೇ ಬರ್ಕೊಳ್ಳಿ. ಯಾಕೆ ಹಾಗೆ ನೋಡ್ತೀರಿ? ಕೂದಲು ಇಷ್ಟು ಕಪ್ಪಾ ಅಂತಾನಾ? ಅದು... ಕುಲುಮೆ ಮಸಿ. ಎಷ್ಟು ಉಜ್ಜಿದ್ರೂ ಹೋಗಲ್ಲ. ಬಣ್ಣ ಹಚ್ಚೋ ಕೆಲಸ ಉಳೀತು.

ಕ್ರೇನ್ ಕೆಲಸ ಅಂದ್ರೆ ಹುಡುಗಾಟ ಅಲ್ಲ. ಕಾದ ಕಬ್ಬಿಣದ ಬಕೆಟ್ಟು ತಲೆ ಮೇಲೆ ತೂಗಾಡ್ತಿರುತ್ತೆ. ಆ ಸದ್ದಲ್ಲಿ ಬಾಯಿಗೆ ಬೆಲೆ ಇಲ್ಲ, ಎಲ್ಲ ಕೈ ಸನ್ನೆ. ಬೆರಳು ಮೇಲೆ ಅಂದ್ರೆ ಎತ್ತು, ಅಂಗೈ ಅಡ್ಡ ಅಂದ್ರೆ ನಿಲ್ಲಿಸು. ಹದಿನೈದು ವರ್ಷ ಕತ್ತೆತ್ತಿ ನೋಡಿ ನೋಡಿ ಕತ್ತೇ ಹಿಡ್ಕೊಂಡುಬಿಟ್ಟಿದೆ.

ಯಾಕೆ ನಗ್ತೀರಿ? ...ಓ. ಕ್ರೇನಿನವನು ಮೇಲಿರ್ತಾನೆ, ಅಲ್ವಾ. ಬಗ್ಗಿಸಿ. ಕತ್ತು ಬಗ್ಗಿಸಿ ಅಂದೆ, ನಿಮಗೆ ಎತ್ತಿ ಅಂತ ಕೇಳಿಸ್ತು.

ಇಸಿಜಿ ಚೀಟಿ ಬಂತಾ? ನೋಡ್ಕೊಳ್ಳಿ, ಗುಂಡುಕಲ್ಲಿನ ಹಾಗಿದೀನಿ. ಏನು ಅಷ್ಟೊತ್ತು ನೋಡ್ತಿದೀರಿ... ಇನ್ನೊಂದ್ಸಲ ತೆಗೀತೀರಾ? ತೆಗೀರಿ, ತೆಗೀರಿ. ...ಸಿಸ್ಟರ್? ಈಗ ಯಾಕೆ ನಗ್ತಿಲ್ಲ? ಫೋನ್ ಯಾರಿಗೆ? ಡಾಕ್ಟರಿಗಾ? ಇಡಿ, ಇಡಿ... ಒಪ್ಕೊಂಡೆ.

ನಲವತ್ತೇಳು ನಾನಲ್ಲ. ಅದು ನಮ್ಮ ಭಾವ, ಅಕ್ಕನ ಗಂಡ. ನಾನು ಕೆಳಗೆ ನಿಂತು ಅವರಿಗೆ ಸನ್ನೆ ಮಾಡೋನು. ಈಚೆಗೆ ಏಣಿ ಹತ್ತೋವಾಗ ಅವರಿಗೆ ಏದುಸಿರು. ಈ ಪರೀಕ್ಷೇಲಿ ಸಿಕ್ಕಿಬಿದ್ರೆ ಕ್ರೇನಿಂದ ಇಳಿಸಿ ಗೇಟಲ್ಲಿ ಕೂರಿಸ್ತಾರೆ ಅಂತ ಊಟ ಬಿಟ್ರು. ಅಕ್ಕ ಒಂದೇ ಸಮ ಅತ್ಲು. 'ನೀನಾದ್ರೆ ಗಟ್ಟಿ ಆಸಾಮಿ, ಹೋಗಿ ಸುಮ್ನೆ ಮಲಗಿ ಬಾರೋ' ಅಂದ್ಲು. ಮಲಗೋ ಕೆಲಸ ಯಾರು ಬೇಡ ಅಂತಾರೆ, ಹೇಳಿ?

ತಪ್ಪಾಯ್ತು. ಭಾವನ್ನ ನಾಳೆ ನಾನೇ ಎಳ್ಕೊಂಡು ಬರ್ತೀನಿ. ಅವರ ವಿಷಯದಲ್ಲಿ ನನಗೂ ಭಯ ಇದೆ, ಸುಳ್ಳಲ್ಲ. ಈಗ ಆ ಚೀಟಿ ಹರಿದುಹಾಕಿ, ನಾನು ಶರ್ಟು ಹಾಕ್ಕೊಂಡು ಹೊರಡ್ತೀನಿ.

ಹರೀರಿ ಸಿಸ್ಟರ್.

ಭುಜ ಹಿಡಿದು ಯಾಕೆ ಮತ್ತೆ ಮಲಗಿಸ್ತೀರಿ? ಏಳಬಾರದಾ? ...ಅಂದ್ರೆ ನೀವು ಫೋನ್ ಎತ್ತಿದ್ದು ಈ ಮೋಸಕ್ಕಲ್ವಾ?

ತಾಳಿ. ಹೆಸರು ಭಾವಂದು. ಟೋಕನ್ನೂ ಭಾವಂದು...

ಎದೆ ಮಾತ್ರ ನಂದೇ, ಅಲ್ವಾ ಸಿಸ್ಟರ್.