ಹಸಿರು ಪೆಟ್ಟಿಗೆಯಿಂದ ಹೊರಹೋದ ಬಾಟಲಿಯ ಬಗ್ಗೆ

ನನ್ನ ವಯಸ್ಸು 57 ವರ್ಷ. ಔಷಧಿ ಅಂಗಡಿ ನಡೆಸುವ ಕೆಲಸ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅಂಗಡಿ, ಅದರ ಮೇಲಿನ ಮಹಡಿಯಲ್ಲೇ ವಾಸ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಅಂಗಡಿಗೆ 26 ವರ್ಷವಾಯಿತು. ನನ್ನ ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿದೆ. ಅವರ ತಮ್ಮ, ಅಂದರೆ ನನ್ನ ಮೈದುನ, ಅಂಗಡಿಯಲ್ಲಿ ನನ್ನ ಜೊತೆಗಿದ್ದಾನೆ. ಬಾಗಿಲ ಪಕ್ಕದಲ್ಲಿ ಬೀಗ ಹಾಕಿದ ಹಸಿರು ಪೆಟ್ಟಿಗೆಯೊಂದಿದೆ. ಮನೆಗಳಲ್ಲಿ ಉಳಿದ, ಅವಧಿ ಮುಗಿದ ಔಷಧಿಗಳನ್ನು ಜನ ಕಸಕ್ಕೋ ಚರಂಡಿಗೋ ಎಸೆಯಬಾರದೆಂದು ಅದನ್ನು ಇಟ್ಟವಳು ನಾನು. ತಿಂಗಳ ಕೊನೆಗೆ ಗಾಡಿ ಬಂದು ಎಲ್ಲವನ್ನೂ ಸುಡುವ ಘಟಕಕ್ಕೆ ಒಯ್ಯುತ್ತದೆ. ಒಂದು ಔಷಧಿಯ ಬಾಟಲಿಗೆ ಇನ್ನೊಂದನ್ನು ತುಂಬಿ ಹಾಕಬೇಡಿ ಎಂದು ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿದವಳೂ ನಾನೇ. ಹಾಗೆ ಮಾಡಿದವರನ್ನು ಗಿರಾಕಿಗಳೆದುರೇ ತರಾಟೆಗೆ ತೆಗೆದುಕೊಂಡಿದ್ದೇನೆ.

ಗಂಡನಿಗೆ ಕೊನೆಯ ದಿನಗಳಲ್ಲಿ ಪಟ್ಟಿಯಿಂದ ಮಾತ್ರೆ ಒತ್ತಿ ತೆಗೆಯಲು ಬೆರಳಲ್ಲಿ ಬಲವಿರಲಿಲ್ಲ. ಆದ್ದರಿಂದ ಅವರ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೆಲ್ಲ ನಾನೇ ಬಿಡಿಸಿ, ನನ್ನ ಖಾಲಿ ಥೈರಾಯ್ಡ್ ಬಾಟಲಿಗೆ ತುಂಬಿಡುತ್ತಿದ್ದೆ. ಇದೇ ತಿಂಗಳ 4ರ ಭಾನುವಾರ ಅವರ ಕಪಾಟು ತೆರೆದಾಗ ಬಾಟಲಿಯಲ್ಲಿ 23 ಮಾತ್ರೆ ಉಳಿದಿದ್ದವು. ಅದನ್ನು ಕೈಯಲ್ಲಿ ಹಿಡಿದುಕೊಳ್ಳಲು ನನ್ನಿಂದಾಗಲಿಲ್ಲ. ಹಾಗೇ ಒಯ್ದು ಪೆಟ್ಟಿಗೆಗೆ ಹಾಕಿ ಮೇಲೆ ಬಂದುಬಿಟ್ಟೆ.

12ರ ಸೋಮವಾರ ಸಂಜೆ ಸುಮಾರು 6 ಗಂಟೆಗೆ, ನಮ್ಮ ಅಂಗಡಿಯಿಂದ 12 ಅಡಿ ದೂರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮ ಬಂದು, ಥೈರಾಯ್ಡ್ ಮಾತ್ರೆ ಮುಗಿದಿದೆ, ಮುಂದಿನ ವಾರ ಕೊಳ್ಳುತ್ತೇನೆ ಎಂದಿದ್ದಾರೆ. ನಾನು ಆಗ ಮೇಲಿದ್ದೆ. ನನ್ನ ಮೈದುನ ದೊಡ್ಡ ದಾನಶೂರ. ಅವಧಿ ಇರುವ ಔಷಧಿಯನ್ನು ಸುಡುವುದೆಂದರೆ ಅವನಿಗೆ ಹೊಟ್ಟೆ ಉರಿಯುತ್ತದೆ. ಪೆಟ್ಟಿಗೆ ತೆರೆದು, ಚೀಟಿಯಲ್ಲಿ ಇನ್ನೂ ಎಂಟು ತಿಂಗಳ ಅವಧಿ ಇದ್ದ ಆ ಬಾಟಲಿಯನ್ನು ಅವರ ಕೈಗಿಟ್ಟಿದ್ದಾನೆ. ಹಿಂದೆಯೂ ಎರಡು ಸಲ ಹೀಗೆ ಮಾಡಿದ್ದಾನೆಂದು ನನಗೆ ಅನುಮಾನವಿತ್ತು. ಕಂಡೂ ಕಾಣದಂತಿದ್ದೆ.

13ರ ಬೆಳಿಗ್ಗೆ 6.15ಕ್ಕೆ ಟೈಲರಮ್ಮ ಒಂದು ಮಾತ್ರೆ ನುಂಗಿದ್ದಾರೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ಸಕ್ಕರೆ ಇಳಿಸುವ ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಲೇಬಾರದು. 7.40ಕ್ಕೆ ಅವರು ಹೊಲಿಗೆ ಯಂತ್ರದ ಪಕ್ಕ ಬಿದ್ದಿದ್ದಾರೆ. ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಮೇಲೆ 9 ಗಂಟೆಗೆ ಎದ್ದು ಕೂತಿದ್ದಾರೆ. ನಿಶ್ಶಕ್ತಿ ಇರಬೇಕು, 11.30ಕ್ಕೆ ಮನೆಗೆ ಕರೆದುಕೊಂಡು ಹೋಗಿ ಎಂದು ಅಲ್ಲಿನ ವೈದ್ಯರು ಹೇಳಿದ್ದಾರೆ.

10.20ಕ್ಕೆ ಅವರ ಮಗಳು ಗ್ಲೂಕೋಸ್ ಪುಡಿ ಕೇಳಿಕೊಂಡು ಅಂಗಡಿಗೆ ಬಂದಳು. "ಅಮ್ಮಂಗೆ ಶುಗರ್ರೇ ಇಲ್ಲ ಆಂಟಿ. ನಿಮ್ಮಂಗಡಿ ಹೊಸ ಬಾಟ್ಲಿ ಮಾತ್ರೆ ಬಿಟ್ರೆ ಬೇರೇನೂ ತಗೊಂಡಿಲ್ಲ" ಎಂದಳು. ಮೈದುನನ ಮುಖ ಬಿಳಿಚಿಕೊಂಡಿತು. ಯಾವ ಬಾಟಲಿ ಎಂದು ಕೇಳಿದೆ. ಪೆಟ್ಟಿಗೆಯಲ್ಲಿದ್ದ ಥೈರಾಯ್ಡ್ ಬಾಟಲಿ ಎಂದು ಅವನು ಹೇಳಿದ ಕೂಡಲೇ, ಅದು ನಾನು ಹಾಕಿದ್ದೇ ಎಂದು ಗೊತ್ತಾಯಿತು.

ನಾನು ಆಸ್ಪತ್ರೆಗೆ ಹೊರಡಲು ಎದ್ದಾಗ ಅವನು ನನ್ನನ್ನು ಒಳಗೆಳೆದು, "ಅತ್ತಿಗೆ, ಎದ್ದು ಕೂತಿದಾರಲ್ಲ, ಈಗ್ಯಾಕೆ ಬಾಯಿ ಬಿಡೋದು? ಲೈಸೆನ್ಸ್ ಹೋದ್ರೆ ಇಬ್ರೂ ಬೀದಿಗೆ ಬೀಳ್ತೀವಿ" ಎಂದನು. ಆ ಮಾತ್ರೆ ಇಡೀ ದಿನ ಕೆಲಸ ಮಾಡುತ್ತದೆ. ಮನೆಯಲ್ಲಿ ಮಲಗಿದ್ದಾಗ ಸಕ್ಕರೆ ಮತ್ತೆ ಇಳಿದರೆ, ಸುಸ್ತಿಗೆ ನಿದ್ದೆ ಹತ್ತಿದೆ ಎಂದೇ ಮಗಳು ತಿಳಿಯುತ್ತಾಳೆ. ಕೈ ಕೊಡವಿಕೊಂಡು, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆ.

10.50ಕ್ಕೆ ವೈದ್ಯರಿಗೆ ಮಾತ್ರೆಯ ಹೆಸರು, ಪ್ರಮಾಣ, ಅದನ್ನು ತುಂಬಿದವರು ಯಾರು, ಎಲ್ಲವನ್ನೂ ಹೇಳಿದೆ. ಅವರು ಮನೆಗೆ ಕಳಿಸುವುದನ್ನು ನಿಲ್ಲಿಸಿದರು. 1.10ಕ್ಕೆ ಟೈಲರಮ್ಮನ ಸಕ್ಕರೆ ಅಂಶ 41ಕ್ಕೆ ಇಳಿಯಿತು. ನರ್ಸ್ ಪಕ್ಕದಲ್ಲೇ ಇದ್ದುದರಿಂದ ಹತ್ತು ನಿಮಿಷದಲ್ಲಿ ಸರಿಹೋಯಿತು. ಆ ಹತ್ತು ನಿಮಿಷ ನಾನು ಮಂಚದ ಸರಳು ಹಿಡಿದು ನಿಂತಿದ್ದೆ. ಅಷ್ಟು ಹೆದರಿಕೆ ಗಂಡ ಹೋದ ದಿನವೂ ಆಗಿರಲಿಲ್ಲ.

ಇಂದು ಬೆಳಿಗ್ಗೆ ಟೈಲರಮ್ಮನಿಗೆ ಎಲ್ಲವನ್ನೂ ಹೇಳಿದೆ. ಬದುಕಿದ್ದೇನಲ್ಲ ಬಿಡಿ, ನಾನಂತೂ ದೂರು ಕೊಡುವುದಿಲ್ಲ ಎಂದರು. ಅವರು ಕೊಡದಿದ್ದರೆ ಬೇಡ, ನಾನು ಕೊಡುತ್ತೇನೆ. "ತನ್ನ ಮೇಲೆ ತಾನೇ ದೂರು ಕೊಡೋದು ಎಲ್ಲಾದ್ರೂ ಉಂಟೇನಮ್ಮ?" ಎಂದು ಠಾಣೆಯ ರೈಟರ್ ಮೂರು ಸಲ ಕೇಳಿದರು. ಉಂಟು ಎಂದು ಮೂರು ಸಲವೂ ಹೇಳಿದೆ. ನನ್ನನ್ನು ನೋಡಿ ಊರಿನ ಇನ್ನೂ ಆರು ಅಂಗಡಿಯವರು ಇಂಥದೇ ಪೆಟ್ಟಿಗೆ ಇಟ್ಟಿದ್ದಾರೆ. ಯಾವ ಪೆಟ್ಟಿಗೆಯ ಕೀಲಿಯೂ ಇನ್ನು ಅಂಗಡಿಯವರ ಕೈಯಲ್ಲಿರಬಾರದು, ಗಾಡಿಯವರ ಬಳಿಯೇ ಇರಬೇಕು. ನನ್ನ ಲೈಸೆನ್ಸಿನ ವಿಚಾರವನ್ನು ಸಂಬಂಧಪಟ್ಟವರು ನೋಡಲಿ.

ಬರೆದದ್ದನ್ನು ರೈಟರ್ ಓದಿ ಹೇಳಿದ ಮೇಲೆ ನಾನೂ ಒಮ್ಮೆ ಓದಿಕೊಂಡೆ. ಎರಡು ಪದ ಬಿಟ್ಟು ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ನನ್ನ ಮೇಲಿನ ಮರುಕದಿಂದ ಅವರು, ಬೇರೆ ಬಾಟಲಿಗೆ ತುಂಬಿದ ಮಾತ್ರೆಗಳನ್ನು "ಅಪಾಯ ತಿಳಿಯದೆ" ಪೆಟ್ಟಿಗೆಗೆ ಹಾಕಿದೆ ಎಂದು ಬರೆದಿದ್ದರು. ಆ ಎರಡು ಪದಗಳನ್ನು ಹೊಡೆದುಹಾಕಿಸಿ, ಪಕ್ಕದಲ್ಲೇ ಸಹಿ ಮಾಡಿದ್ದೇನೆ. ನನಗೆ ತಿಳಿದಿತ್ತು.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಬುಧವಾರ, ಮಧ್ಯಾಹ್ನ 12.25
(ಸಹಿ)